ಟಿಂಕರಿಂಗ್ ಲ್ಯಾಬ್‌ಗೆ ಟೀಚರ್ ಹುಡುಕ್ತಿದೀರಾ? ಸರ್ಟಿಫಿಕೇಟ್ ಆಮೇಲೆ ನೋಡಿ, ಮೊದ್ಲು ಕೈ ನೋಡಿ

ನಾನು ತುಮಕೂರು ಕಡೆ ಒಂದು ಪ್ರೈವೇಟ್ ಹೈಸ್ಕೂಲಲ್ಲಿ ಫಿಸಿಕ್ಸ್ ಮಾಡ್ತೀನಿ, ಜೊತೆಗೆ ಟಿಂಕರಿಂಗ್ ಲ್ಯಾಬ್, ಅಂದ್ರೆ ಮಕ್ಕಳು ತಾವೇ ಕೈಯಾರೆ ಏನಾದ್ರೂ ಮಾಡಿ ಕಲಿಯೋ ರೂಮು, ಅದ್ರ ಉಸ್ತುವಾರಿನೂ ನಂದೇ. ಆರು ವರ್ಷದಲ್ಲಿ ಡಿಸೈನ್ ಅಂಡ್ ಟೆಕ್ನಾಲಜಿ ಟೀಚರ್ ಪೋಸ್ಟ್‌ಗೆ ನಾಲ್ಕು ಸಲ ಇಂಟರ್‌ವ್ಯೂ ಪ್ಯಾನೆಲ್ಲಲ್ಲಿ ಕೂತಿದೀನಿ. ಎರಡು ಸಲ ಎಡವಿದ್ವಿ, ಒಂದು ಸಲ ಬಹಳ ಚೆನ್ನಾಗಿರೋರು ಸಿಕ್ಕಿ ಅವರನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ, ಈಗಿರೋರು ನಾಲ್ಕನೇಯವರು, ದೇವರ ದಯೆ ಚೆನ್ನಾಗಿ ನಡೀತಿದೆ. ಬೇರೆ ಸ್ಕೂಲಿನ ಇಬ್ರು ಮೂರು ಜನ ಹೆಡ್‌ಮಾಸ್ಟರ್‌ಗಳು ಫೋನ್ ಮಾಡಿ ನೀವು ಹೇಗೆ ಮಾಡಿದ್ರಿ ಸರ್ ಅಂತ ಕೇಳ್ತಾನೇ ಇರ್ತಾರೆ, ಪ್ರತಿ ಸಲ ಅದೇ ಕಥೆ ಹೇಳೋ ಬದ್ಲು ಬರ್ದೇಬಿಡೋಣ ಅನ್ನಿಸ್ತು.

ಮ್ಯಾಥ್ಸ್ ಟೀಚರ್ ಬೇಕು ಅಂದ್ರೆ ಎಲ್ರಿಗೂ ಅರ್ಥ ಆಗತ್ತೆ. ಇದಕ್ಕೆ ಹಾಗಿಲ್ಲ. ಡಿಸೈನ್ ಅಂಡ್ ಟೆಕ್ನಾಲಜಿ ಅಂದ ತಕ್ಷಣ ಅರ್ಧ ಜನ ಕಂಪ್ಯೂಟರ್ ಮಿಸ್ ಅನ್ಕೊಳ್ತಾರೆ, ಇನ್ನರ್ಧ ಡ್ರಾಯಿಂಗ್ ಮೇಷ್ಟ್ರು ಅನ್ಕೊಳ್ತಾರೆ. ಅಸಲಿಗೆ ಒಂದು ಸಮಸ್ಯೆಗೆ ಐಡಿಯಾ ಹುಡುಕಿ, ಅದನ್ನ ಕೈಯಾರೆ ಮಾಡಿ ನೋಡೋದು ಕಲ್ಸೋ ವಿಷಯ ಇದು. ಇಂಗ್ಲೆಂಡಲ್ಲಿ ಇದು 1990ರಿಂದ ಸಿಲಬಸ್ಸಲ್ಲೇ ಇರೋ ವಿಷಯ, ಅಲ್ಲಿ ಇದಕ್ಕೇ ಅಂತ ಟ್ರೇನಿಂಗ್ ಆಗಿ ಬರೋ ಟೀಚರ್‌ಗಳಿದ್ದಾರೆ. ನಮ್ಮ ಬಿ.ಎಡ್ ಕಾಲೇಜುಗಳಲ್ಲಿ ಫಿಸಿಕ್ಸ್ ಮೆಥಡ್, ಮ್ಯಾಥ್ಸ್ ಮೆಥಡ್, ಕನ್ನಡ ಮೆಥಡ್ ಸಿಗತ್ತೆ, ಗರಗಸ ಹಿಡಿಯೋ ಮೆಥಡ್ ಎಲ್ಲಿದೆ? ಹಾಗಾಗಿ ರೆಡಿಮೇಡ್ ಟೀಚರ್ ಸಿಗ್ತಾರೆ ಅನ್ನೋ ಆಸೆ ಮೊದ್ಲೇ ಬಿಟ್ಬಿಡಿ.

ಅದಕ್ಕೆ ಮುಂಚೆ ನಿಮ್ಮ ಸ್ಕೂಲಿಗೆ ಬೇಕಿರೋದು ಏನು ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಯಾಕಂದ್ರೆ ಬೋರ್ಡ್ ಬೋರ್ಡಿಗೂ ಕೆಲ್ಸ ಬೇರೆ. ಐಬಿ (ಇಂಟರ್‌ನ್ಯಾಶನಲ್ ಬ್ಯಾಕಲೋರಿಯೇಟ್) ಸ್ಕೂಲಾದ್ರೆ, ಅದರ ಮಧ್ಯದ ಹಂತ ಎಂವೈಪಿಲಿ ಮೊದಲ ಮೂರು ವರ್ಷ ಡಿಸೈನ್ ಅನ್ನೋದು ಕಡ್ಡಾಯ ವಿಷಯ, ವರ್ಷಕ್ಕೆ ಕನಿಷ್ಠ 50 ಗಂಟೆ ಕ್ಲಾಸ್ ಆಗ್ಬೇಕು, ಹುಡುಕೋದು, ಐಡಿಯಾ ಬೆಳೆಸೋದು, ಮಾಡೋದು, ಮಾಡಿದ್ದನ್ನ ಪರೀಕ್ಷೆ ಮಾಡೋದು ಅಂತ ನಾಲ್ಕು ಭಾಗಕ್ಕೂ ಮಾರ್ಕ್ಸ್ ಇರತ್ತೆ, ಅಲ್ಲಿ ಬರವಣಿಗೆ ಜಾಸ್ತಿ, ಇಂಗ್ಲಿಷಲ್ಲಿ ಮಕ್ಕಳ ಪೋರ್ಟ್‌ಫೋಲಿಯೋ ತಿದ್ದೋಕೆ ಬರೋರು ಬೇಕು. ಕೇಂಬ್ರಿಡ್ಜ್ ಬೋರ್ಡಿನ ಹತ್ತನೇ ಕ್ಲಾಸ್ ಮಟ್ಟದ ಪರೀಕ್ಷೆ ಐಜಿಸಿಎಸ್‌ಇಲಿ ಡಿಸೈನ್ ಅಂಡ್ ಟೆಕ್ನಾಲಜಿ ಅನ್ನೋದೇ ಪರೀಕ್ಷೆ ವಿಷಯ, ಅದ್ರಲ್ಲಿ ಮಕ್ಕಳೇ ಮಾಡೋ ಪ್ರಾಜೆಕ್ಟ್‌ಗೆ ದೊಡ್ಡ ಪಾಲು ಮಾರ್ಕ್ಸು. ಸಿಬಿಎಸ್‌ಇ ಆದ್ರೆ ಆರನೇ ಕ್ಲಾಸಿಂದ ಕೈಕೆಲ್ಸ ಕಲ್ಸೋ ಕೌಶಲ್ ಬೋಧ್ ಪುಸ್ತಕ ಬಂದಿದೆ, ಗಿಡ ಪ್ರಾಣಿಗಳ ಜೊತೆ ಕೆಲ್ಸ, ಮಷೀನು ಸಾಮಾನುಗಳ ಜೊತೆ ಕೆಲ್ಸ, ಜನರಿಗೆ ಸೇವೆ ಕೊಡೋ ಕೆಲ್ಸ ಅಂತ ಮೂರು ತರ, ಒಬ್ರೇ ಟೀಚರ್ ಮೂರನ್ನೂ ಮಾಡ್ಬೇಕು ಅಂದ್ರೆ ತೋಟದ ಮಣ್ಣೂ ಮುಟ್ಬೇಕು, ಸ್ಪ್ಯಾನರ್ರೂ ಹಿಡೀಬೇಕು.

ನಮ್ದು ಇದ್ಯಾವ್ದೂ ಅಲ್ಲ, ಅಟಲ್ ಟಿಂಕರಿಂಗ್ ಲ್ಯಾಬ್ ಇರೋ ಸ್ಕೂಲು. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾಯ್ತಲ್ಲ, ಅದ್ರಲ್ಲಿ ಒಂದು ಲ್ಯಾಬ್‌ಗೆ ಒಟ್ಟು 20 ಲಕ್ಷ, ಅದ್ರಲ್ಲಿ 10 ಲಕ್ಷ ಸಾಮಾನು ಕೊಂಡು ಲ್ಯಾಬ್ ಕಟ್ಟೋಕೆ, ಇನ್ನು 10 ಲಕ್ಷ ಐದು ವರ್ಷದವರೆಗೆ ನಡ್ಸೋಕೆ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ. 3ಡಿ ಪ್ರಿಂಟರ್, ಪ್ರೋಗ್ರಾಂ ಹಾಕೋ ಆರ್ಡುಯಿನೋ ಬೋರ್ಡು, ಸೆನ್ಸಾರ್ ಡಬ್ಬಿ, ವೈರ್ ಬೆಸೆಯೋ ಸೋಲ್ಡರಿಂಗ್ ಐರನ್, ಡ್ರಿಲ್ಲು, ಸಾಮಾನು ಬಿಗಿ ಹಿಡಿಯೋ ಬೆಂಚ್ ವೈಸು ಎಲ್ಲ ಬಂತು. ಲ್ಯಾಬ್ ಇನ್‌ಚಾರ್ಜ್ ಅಂತ ಇರೋ ಟೀಚರ್‌ಗಳಲ್ಲೇ ಒಬ್ರನ್ನ ಹಾಕಿ ಅಂದ್ರು, ಹಾಕಿದ್ವಿ, ಕೆಮಿಸ್ಟ್ರಿ ಮಿಸ್ಸು ಪಾಪ, ಅವ್ರು ಪೀರಿಯಡ್ ಮಧ್ಯ ಓಡಿ ಬಂದು ಬೀಗ ತೆಗೆದು ಮತ್ತೆ ಓಡಿ ಹೋಗೋರು. ಒಂದು ವರ್ಷ 3ಡಿ ಪ್ರಿಂಟರ್ ಮೇಲೆ ಬಟ್ಟೆ ಹೊದ್ಸಿ ಇಟ್ಟಿದ್ವಿ, ಇನ್‌ಸ್ಪೆಕ್ಷನ್ ದಿನ ಮಾತ್ರ ಮುಸುಕು ತೆಗೀತಿದ್ವಿ. ಆಮೇಲೇ ಇದಕ್ಕೆ ಅಂತ ಒಬ್ರು ಬೇಕು ಅಂತ ಮ್ಯಾನೇಜ್‌ಮೆಂಟ್‌ಗೂ ಅನ್ನಿಸಿದ್ದು.

ಇಲ್ಲಿ ಮೊದಲ್ನೇ ತಪ್ಪು ಮಾಡಿದ್ವಿ, ಹೇಳ್ಬಿಡ್ತೀನಿ. ಲ್ಯಾಬ್ ಟೀಚರ್ ಅಂತ ಕರ್ದು, ಬಂದ್ಮೇಲೆ ಅವರಿಗೆ ಏಳು ಎಂಟನೇ ಕ್ಲಾಸಿನ ಕಂಪ್ಯೂಟರ್ ಪೀರಿಯಡ್ಡು, ಆಫೀಸಿನ ಪ್ರಿಂಟರ್ ರಿಪೇರಿ, ಪ್ರಿನ್ಸಿಪಾಲ್ ಮೊಬೈಲ್ ಅಪ್‌ಡೇಟು, ಆನ್ಯುವಲ್ ಡೇ ಸ್ಟೇಜ್ ಡೆಕೋರೇಶನ್ನು, ಥರ್ಮೋಕೋಲ್ ಕಟ್ ಮಾಡೋದು ಎಲ್ಲ ಹೊರ್ಸಿದ್ವಿ. ಆರು ತಿಂಗ್ಳಿಗೆ ರಾಜೀನಾಮೆ ಕೊಟ್ಟು ಹೋದ್ರು. ಹೋಗೋವಾಗ "ಸರ್, ನಾನು ಬಂದಿದ್ದು ಮಕ್ಕಳಿಗೆ ಹೇಳ್ಕೊಡೋಕೆ, ಈ ಸ್ಕೂಲಲ್ಲಿ ನಂಗಿಂತ ಸ್ಕ್ರೂಡ್ರೈವರ್‌ಗೇ ಜಾಸ್ತಿ ರೆಸ್ಟು" ಅಂದ್ರು. ಬೈದಿದ್ರೂ ಅಷ್ಟು ನಾಟ್ತಿರ್ಲಿಲ್ಲ.

ಹಾಗಾಗಿ ಆ ಹಾಳೇಲಿ ಬರೀಬೇಕಾದ್ದು ಇಷ್ಟು: ವಾರಕ್ಕೆ ಎಷ್ಟು ಪೀರಿಯಡ್ಡು, ಯಾವ ಯಾವ ಕ್ಲಾಸು, ಒಂದು ಬ್ಯಾಚಲ್ಲಿ ಎಷ್ಟು ಮಕ್ಳು, ಸಾಮಾನು ತರೋಕೆ ತಿಂಗ್ಳಿಗೆ ಎಷ್ಟು ದುಡ್ಡು, ಮತ್ತೆ ಮುಖ್ಯವಾಗಿ ಯಾವ ಕೆಲ್ಸ ಅವ್ರದ್ದಲ್ಲ. ಬ್ಯಾಚ್ ವಿಷ್ಯ ಸ್ವಲ್ಪ ಒತ್ತಿ ಹೇಳ್ತೀನಿ, 40 ಮಕ್ಕಳನ್ನ ಒಟ್ಟಿಗೆ ಲ್ಯಾಬ್‌ಗೆ ನುಗ್ಸಿದ್ರೆ ಯಾವ ಟೀಚರ್ ಬಂದ್ರೂ ಕೈ ಚೆಲ್ಲೋದೇ. ನಾವು ಸೆಕ್ಷನ್ ಅರ್ಧ ಮಾಡಿ 20 ಜನ ಲ್ಯಾಬಿಗೆ, 20 ಜನ ಲೈಬ್ರರಿಗೆ ಕಳಿಸ್ತೀವಿ. ಟೈಮ್‌ಟೇಬಲ್ ಮಾಡೋರು ಗೊಣಗ್ತಾರೆ, ಗೊಣಗ್ಲಿ.

ಇನ್ನು ಜಾಹೀರಾತು. "ಎಂ.ಟೆಕ್/ಬಿ.ಇ ಜೊತೆಗೆ ಬಿ.ಎಡ್, ಐದು ವರ್ಷ ಅನುಭವ, ರೋಬೋಟಿಕ್ಸ್, ಎಐ, ಕೋಡಿಂಗ್, ಇಂಗ್ಲಿಷ್ ಫ್ಲುಯೆಂಟ್" ಅಂತ ಹಾಕಿ ಸಂಬಳ ಬರೀದೇ ಬಿಟ್ರೆ ಬರೋರು ಯಾರು ಗೊತ್ತಾ, ಬೇರೆಲ್ಲೂ ಕೆಲ್ಸ ಸಿಗದೇ ಇರೋರು ಮತ್ತೆ ಎರಡು ತಿಂಗ್ಳು ತಳ್ಳಿ ಬೆಂಗ್ಳೂರಿಗೆ ಹೋಗೋಣ ಅನ್ನೋರು. ನಾವು ಕೊನೇ ಸಲ ಹಾಕಿದ್ದು ಹೀಗಿತ್ತು, ಬೇಕಾದ್ರೆ ತಗೊಳ್ಳಿ:

"ನಮ್ಮ ಹೈಸ್ಕೂಲಿನ ಟಿಂಕರಿಂಗ್ ಲ್ಯಾಬ್ ನಡೆಸಲು ಟೀಚರ್ ಬೇಕು. 6ರಿಂದ 10ನೇ ತರಗತಿ, ವಾರಕ್ಕೆ 22 ಪೀರಿಯಡ್, ಬ್ಯಾಚ್‌ಗೆ 20 ಮಕ್ಕಳು. ಮರ, ರಟ್ಟು, ಲೋಹದ ಸಣ್ಣ ಕೆಲಸ, ಸೋಲ್ಡರಿಂಗ್, ಸರಳ ಸರ್ಕ್ಯೂಟ್ ನೀವೇ ಕೈಯಾರೆ ಮಾಡಿರಬೇಕು. ಡಿಪ್ಲೊಮಾ, ಐಟಿಐ ಇನ್‌ಸ್ಟ್ರಕ್ಟರ್ ತರಬೇತಿ, ಬಿಎಸ್ಸಿ ಎಲೆಕ್ಟ್ರಾನಿಕ್ಸ್, ಬಿ.ಇ, ಡಿಸೈನ್ ಓದಿದವರು ಅರ್ಜಿ ಹಾಕಬಹುದು. ಬಿ.ಎಡ್ ಇದ್ದರೆ ಒಳ್ಳೆಯದು. ಕನ್ನಡ ಚೆನ್ನಾಗಿ ಬರಬೇಕು. ನೀವೇ ಮಾಡಿದ ಒಂದು ವಸ್ತುವನ್ನು ಇಂಟರ್‌ವ್ಯೂಗೆ ತನ್ನಿ."

ಅದ್ರ ಕೆಳಗೆ ಸಂಬಳ ಇಂತಿಷ್ಟರಿಂದ ಇಂತಿಷ್ಟು ಅಂತ ಅಂಕಿಲೇ ಬರ್ದಿದ್ವಿ. ಕೊನೇ ಸಾಲು ಇದ್ಯಲ್ಲ, ಒಂದು ವಸ್ತು ತನ್ನಿ ಅನ್ನೋದು, ಅದೊಂದೇ ಅರ್ಧ ಜರಡಿ ಹಿಡೀತು. ಸುಮ್ನೆ ಅರ್ಜಿ ಹಾಕೋರು ಅಲ್ಲೇ ನಿಂತೋದ್ರು. ಬಂದೋರಲ್ಲಿ ಒಬ್ರು ಮಗಳಿಗೆ ಮಾಡಿದ ಮರದ ಗೊಂಬೆ ತೊಟ್ಟಿಲು ತಂದಿದ್ರು, ಒಬ್ರು ಅಂಗಡೀಲಿ ಕೊಂಡ ಲೈನ್ ಫಾಲೋವರ್ (ಗೆರೆ ಹಿಡ್ದು ಓಡೋ ಪುಟ್ಟ ರೋಬೋಟ್) ಕಿಟ್ ತಂದು ನಾನೇ ಮಾಡಿದ್ದು ಅಂದ್ರು, ಸ್ಟಿಕ್ಕರ್ ಕೂಡ ಕಿತ್ತಿರ್ಲಿಲ್ಲ.

ಎಲ್ಲಿ ಹುಡುಕ್ಬೇಕು? ಪೇಪರ್ರಲ್ಲಿ ಹಾಕಿದ್ದಕ್ಕಿಂತ ನಂಗೆ ಉಪಯೋಗ ಆಗಿದ್ದು ಪಾಲಿಟೆಕ್ನಿಕ್ ವರ್ಕ್‌ಶಾಪ್‌ನ ಮೇಷ್ಟ್ರುಗಳಿಗೆ ಫೋನ್ ಮಾಡಿದ್ದು. ಯಾವ ಹುಡುಗ ಹುಡುಗೀರಿಗೆ ಕೈಕೆಲ್ಸ ಬರತ್ತೆ, ತಾಳ್ಮೆ ಇದೆ ಅನ್ನೋದು ಅವ್ರಿಗೆ ಸರಿಯಾಗಿ ಗೊತ್ತಿರತ್ತೆ. ಜಿಟಿಟಿಸಿಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಓದಿದೋರು ಕೆಲಸದಲ್ಲಿ ಬಹಳ ಅಚ್ಚುಕಟ್ಟು, ಆದ್ರೆ ಅವರನ್ನ ಫ್ಯಾಕ್ಟರಿಯೋರು ಎತ್ಕೊಂಡು ಹೋಗಿರ್ತಾರೆ. ನಮ್ಮೂರಲ್ಲಿ ವಸಂತನರಸಾಪುರ, ಬೆಂಗ್ಳೂರು ಕಡೆ ಪೀಣ್ಯ, ಅಲ್ಲಿ ಹತ್ತು ವರ್ಷ ಶಿಫ್ಟ್ ಮಾಡಿ ನೈಟ್ ಡ್ಯೂಟಿ ಸಾಕಪ್ಪಾ ಅನ್ನೋರು, ಮಗು ಆದ್ಮೇಲೆ ಕೆಲ್ಸ ಬಿಟ್ಟ ಹೆಣ್ಣುಮಕ್ಳು, ಇವ್ರು ನಿಜವಾಗ್ಲೂ ನಿಧಿ. ನಮ್ಮ ಬೆಸ್ಟ್ ಟೀಚರ್ ಬಂದಿದ್ದೇ ಹಾಗೆ.

ಟೈಮ್ ವಿಷ್ಯ ಚಿಕ್ಕದಾಗಿ: ಸ್ಟೇಟ್ ಸಿಲಬಸ್ ಸ್ಕೂಲು ಮೇ ಕೊನೆ, ಜೂನ್‌ಗೆ ತೆರೆಯತ್ತೆ, ಹುಡುಕೋದು ಫೆಬ್ರವರಿಲೇ ಶುರು ಮಾಡಿ. ಮೇ ಮೂರನೇ ವಾರದಲ್ಲಿ ಹುಡುಕಿದ್ರೆ ಸಿಕ್ಕಿದ್ದೇ ಶಿವಾ ಅಂತ ತಗೋಬೇಕಾಗತ್ತೆ.

ಈಗ ಇಂಟರ್‌ವ್ಯೂ, ನಂಗೆ ತುಂಬಾ ಹೇಳ್ಬೇಕಿರೋದು ಇದ್ರ ಬಗ್ಗೆನೇ. ಡೆಮೋ ಕ್ಲಾಸ್ ಅಂತ ಎಲ್ರೂ ಮಾಡಿಸ್ತಾರೆ, ಬೋರ್ಡ್ ಮುಂದೆ ನಿಂತು ಓಮ್ಸ್ ಲಾ ಹೇಳು ಅಂತಾರೆ, ಅವ್ರು ಪಿಪಿಟಿ ಹಾಕ್ತಾರೆ, ಪ್ಯಾನೆಲ್ ತಲೆ ಅಲ್ಲಾಡ್ಸತ್ತೆ. ಈ ಪೋಸ್ಟ್‌ಗೆ ಅದ್ರಿಂದ ಏನೂ ಗೊತ್ತಾಗಲ್ಲ. ಪಿಪಿಟಿ ಸೋಲ್ಡರ್ ಮಾಡಲ್ಲ. ನಾವು ಮಾಡೋದು ಹೀಗೆ: ಎಂಟನೇ ಕ್ಲಾಸಿನ ಆರು ಮಕ್ಕಳನ್ನ ಕೂರ್ಸಿ, 40 ನಿಮಿಷ ಕೊಟ್ಟು, ಟ್ಯಾಂಕ್ ತುಂಬಿದ್ರೆ ಕೂಗೋ ಅಲಾರಂ ಮಾಡ್ಸಿ ಅಂತೀವಿ. ಎಲ್ರ ಮನೇಲೂ ಮೋಟ್ರು ಹಾಕಿ ಮರೆತು ಟ್ಯಾಂಕ್ ತುಂಬಿ ನೀರು ರೋಡಿಗೆ ಹರಿಯೋ ಕಥೆ ಇದ್ದೇ ಇರತ್ತಲ್ಲ, ಮಕ್ಳಿಗೆ ವಿವರ್ಸೋದೇ ಬೇಡ. ಸಾಮಾನು ಏನೂ ಇಲ್ಲ, 9 ವೋಲ್ಟ್ ಬ್ಯಾಟ್ರಿ, ಬಜರ್ರು, ಒಂದು ಬಿಸಿ547 ಟ್ರಾನ್ಸಿಸ್ಟರ್ರು, ಒಂದೆರಡು ರೆಸಿಸ್ಟರ್ರು, ವೈರು, ಬೆಸುಗೆ ಇಲ್ದೆ ವೈರ್ ಚುಚ್ಚಿ ಜೋಡ್ಸೋ ಬ್ರೆಡ್‌ಬೋರ್ಡು, ಒಂದು ಲೋಟ ನೀರು. ನೀರಿಗೆ ಎರಡು ವೈರ್ ತಾಗಿದ್ರೆ ಬಜರ್ ಕೂಗ್ಬೇಕು ಅಷ್ಟೇ.

ಅದ್ರಲ್ಲಿ ಒಂದು ಗುಂಪಿಗೆ ನಾನು ಬೇಕಂತ್ಲೇ ಸತ್ತ ಬ್ಯಾಟ್ರಿ ಕೊಟ್ಟಿರ್ತೀನಿ. ಇದು ಅಭ್ಯರ್ಥಿಗೆ ಗೊತ್ತಿರಲ್ಲ.

ಈಗಿರೋರಿಗಿಂತ ಹಿಂದಿನ ಸಲದ ಇಂಟರ್‌ವ್ಯೂಗೆ ಬಂದ ಒಬ್ರು, ಎಂ.ಟೆಕ್, ಮಾತು ಕೂಡ ಚೆನ್ನಾಗಿತ್ತು. ಒಂದು ಹುಡುಗಿ "ಸರ್, ನಮ್ದು ಕೂಗ್ತಾ ಇಲ್ಲ" ಅಂದ್ಲು. ಅವ್ರು "ಕೊಡಿಲ್ಲಿ" ಅಂತ ಬ್ರೆಡ್‌ಬೋರ್ಡ್ ಈಸ್ಕೊಂಡು, ಎರಡು ವೈರ್ ಬದ್ಲಾಯ್ಸಿ, ಬ್ಯಾಟ್ರಿ ಬದ್ಲಾಯ್ಸಿ, ಎರಡೇ ನಿಮಿಷಕ್ಕೆ ಬಜರ್ ಕೂಗ್ಸಿದ್ರು. ಮಕ್ಳು ಚಪ್ಪಾಳೆ ಹೊಡೆದ್ರು. ನಮ್ಮ ಕಮಿಟಿ ಮೆಂಬರ್ ಒಬ್ರು ನನ್ನ ಕಿವೀಲಿ ಇವ್ರನ್ನೇ ಫಿಕ್ಸ್ ಮಾಡೋಣ ಅಂದ್ರು. ನಾನು ಆ ಹುಡುಗೀನೇ ನೋಡ್ತಿದ್ದೆ, ಎರಡೂ ಕೈ ತೊಡೆ ಮೇಲಿಟ್ಕೊಂಡು ಸುಮ್ನೆ ಕೂತಿದ್ಲು.

ಆಮೇಲೆ ಬಂದೋರು ಡಿಪ್ಲೊಮಾ ಮಾಡಿ ಫ್ಯಾಕ್ಟರೀಲಿ ಕ್ವಾಲಿಟಿ ಚೆಕಿಂಗಲ್ಲಿದ್ದ ಒಬ್ಬ ಹೆಣ್ಮಗಳು. ಇಂಗ್ಲಿಷ್ ಅಷ್ಟಕ್ಕಷ್ಟೇ. ಅದೇ ಸಮಸ್ಯೆ ಬಂತು, ಬೇರೆ ಹುಡುಗಿ, "ಮಿಸ್, ಕೂಗ್ತಿಲ್ಲ". ಇವ್ರು ಬೋರ್ಡ್ ಮುಟ್ಲೇ ಇಲ್ಲ. ಪಕ್ಕದಲ್ಲಿ ಸ್ಟೂಲ್ ಎಳ್ಕೊಂಡು ಕೂತು "ವೈರೆಲ್ಲಾ ಸರಿಗಿದ್ಯೇನಮ್ಮ?" "ಸರಿಗಿದೆ ಮಿಸ್." "ಬ್ಯಾಟ್ರಿ ಚೆನ್ನಾಗಿದೆ ಅಂತ ಯಾರು ಹೇಳಿದ್ರು ನಿಂಗೆ?" ಹುಡುಗಿ ಒಂದು ಕ್ಷಣ ಸುಮ್ನಾದ್ಲು, ಮಲ್ಟಿಮೀಟರ್ ಕಡೆ ನೋಡಿದ್ಲು, ತಾನೇ ಎದ್ದು ತಂದು ಇಟ್ಟು ನೋಡಿ "ಅಯ್ಯೋ ಮಿಸ್, 3 ತೋರಿಸ್ತಿದೆ, 9 ಇರ್ಬೇಕಲ್ವಾ" ಅಂದ್ಲು. ಆರು ನಿಮಿಷ ಹಿಡೀತು, ಚಪ್ಪಾಳೆನೂ ಬರ್ಲಿಲ್ಲ. ಆ ಮಗು ಆಮೇಲೆ ಪಕ್ಕದ ಗುಂಪಿನ ಬ್ಯಾಟ್ರಿ ಎಲ್ಲ ಮೀಟರಲ್ಲಿ ಚೆಕ್ ಮಾಡ್ತಾ ಓಡಾಡ್ತಿತ್ತು.

ಮಗು ಕೈಯಿಂದ ಟೂಲ್ ಕಿತ್ಕೊಂಡ್ರಾ ಇಲ್ವಾ, ನಾನು ಪೇಪರಲ್ಲಿ ಇದಕ್ಕೇ ಒಂದು ಕಾಲಂ ಹಾಕಿಟ್ಟಿದೀನಿ, ಉಳಿದ ಎಲ್ಲಾ ಮಾರ್ಕ್ಸ್‌ಗಿಂತ ಇದಕ್ಕೆ ಜಾಸ್ತಿ.

ಇದಾದ್ಮೇಲೆ ಮಕ್ಕಳನ್ನ ಕಳ್ಸಿ, ಅಭ್ಯರ್ಥಿ ಒಬ್ರನ್ನೇ ಬೆಂಚ್ ಹತ್ರ ನಿಲ್ಸಿ ಕೈಕೆಲ್ಸ ನೋಡ್ತೀವಿ. ಲೋಹ ಕುಯ್ಯೋ ಗರಗಸ ಹ್ಯಾಕ್‌ಸಾದ ಒಂದು ಫ್ರೇಮು, ಒಂದು ಬ್ಲೇಡು ಬೇರೆ ಬೇರೆ ಕೊಟ್ಟು ಸೇರ್ಸಿ ಅಂತೀವಿ. ಬ್ಲೇಡಿನ ಹಲ್ಲು ಮುಂದಕ್ಕೆ, ಅಂದ್ರೆ ಹಿಡಿಯಿಂದ ಆಚೆ ಕಡೆ ಮುಖ ಮಾಡ್ಬೇಕು, ಯಾಕಂದ್ರೆ ಅದು ಮುಂದಕ್ಕೆ ತಳ್ಳುವಾಗ ಕುಯ್ಯತ್ತೆ. ಮರದಲ್ಲಿ ಡೊಂಕು ಆಕಾರ ಕುಯ್ಯೋ ಕೋಪಿಂಗ್ ಸಾ ಆದ್ರೆ ಉಲ್ಟಾ, ಹಲ್ಲು ಹಿಡಿ ಕಡೆಗೆ, ಎಳೆಯುವಾಗ ಕುಯ್ಯೋದು. ಐಟಿಐ ಮಾಡಿದೋರು ನೋಡ್ದೇನೇ ಹಾಕ್ತಾರೆ. ಯೂಟ್ಯೂಬ್ ನೋಡಿ ಬಂದೋರು ಅಲ್ಲಿ ಒಂದ್ನಿಮಿಷ ತಡವರಿಸ್ತಾರೆ, ತಡವರಿಸಿದ್ರೆ ತಪ್ಪೇನಿಲ್ಲ, ನಂಗೆ ಗೊತ್ತಿಲ್ಲ ಸರ್ ತಿಳ್ಕೋತೀನಿ ಅಂದ್ರೆ ನಾನು ಮಾರ್ಕ್ಸ್ ಕೊಡ್ತೀನಿ, ಹೇಗೆ ಹಾಕಿದ್ರೂ ನಡೆಯತ್ತೆ ಸರ್ ಅಂದೋರಿಗೆ ಇಲ್ಲ. ಮಕ್ಕಳ ಮುಂದೆನೂ ಅವ್ರು ಹಾಗೇ ಹೇಳೋದು.

ಸೇಫ್ಟಿ ಪ್ರಶ್ನೆಗಳು ಪುಸ್ತಕದಲ್ಲಿರೋ ತರ ಕೇಳ್ಬೇಡಿ, ಘಟನೆ ಹೇಳಿ ಕೇಳಿ. ಸೋಲ್ಡರಿಂಗ್ ಐರನ್ ತುದಿ ಸುಮಾರು 350 ಡಿಗ್ರಿ ಇರತ್ತೆ, ಒಂದು ಹುಡುಗ ಬೆರಳು ಸುಟ್ಕೊಂಡ, ಏನ್ಮಾಡ್ತೀರಿ? ನಂಬ್ತೀರೋ ಇಲ್ವೋ, ಕೋಲ್ಗೇಟ್ ಹಚ್ತೀನಿ ಅಂದೋರಿದಾರೆ, ಇಂಕು ಸುರೀತೀನಿ ಅಂದೋರೂ ಇದಾರೆ. ನಲ್ಲಿ ಕೆಳಗೆ ಹರಿಯೋ ತಣ್ಣೀರಲ್ಲಿ 20 ನಿಮಿಷ ಹಿಡೀಬೇಕು, ಐಸೂ ಬೇಡ ಪೇಸ್ಟೂ ಬೇಡ, ಆಮೇಲೆ ಮನೆಗೆ ಫೋನು, ಬೇಕಿದ್ರೆ ಆಸ್ಪತ್ರೆ, ರಿಜಿಸ್ಟರಲ್ಲಿ ಎಂಟ್ರಿ. ಡ್ರಿಲ್ ಮಷೀನ್ ಹತ್ರ ಬರೋ ಮಗೂನ ಏನೇನು ನೋಡ್ತೀರಿ ಅಂತ ಕೇಳಿ. ವೇಲ್ ಕಟ್ಟಿದ್ಯಾ, ಜಡೆ ಹಿಂದಕ್ಕಿದ್ಯಾ, ಕೊರಳಲ್ಲಿ ಐಡಿ ಕಾರ್ಡ್ ಟ್ಯಾಗ್ ನೇತಾಡ್ತಿದ್ಯಾ, ಬಳೆ ತೆಗ್ದಿದ್ಯಾ, ಕನ್ನಡಕ ಹಾಕಿದ್ಯಾ. ಐಡಿ ಟ್ಯಾಗ್ ಅಂತ ತಾವಾಗೇ ಹೇಳೋರು ನಿಜವಾಗ್ಲೂ ಸ್ಕೂಲ್ ಲ್ಯಾಬಲ್ಲಿ ಕೆಲ್ಸ ಮಾಡಿರೋರು. ಗ್ಲೌಸ್ ಹಾಕಿಸ್ತೀನಿ ಅಂದ್ರೆ ಮಾರ್ಕ್ಸ್ ಕಟ್, ತಿರುಗೋ ಬಿಟ್‌ಗೆ ಗ್ಲೌಸ್ ಸಿಕ್ಕಿದ್ರೆ ಕೈಯನ್ನೇ ಎಳ್ಕೊಳತ್ತೆ.

ಇನ್ನೊಂದು ನೋಡಿ, ಒಳ್ಳೆ ಅಭ್ಯರ್ಥಿ ನಿಮ್ಮನ್ನೂ ಪ್ರಶ್ನೆ ಕೇಳ್ತಾರೆ. ಆ ಡಿಪ್ಲೊಮಾ ಮೇಡಂ ಲ್ಯಾಬ್ ಒಳಗೆ ಬಂದು ಮೊದ್ಲು ನೋಡಿದ್ದು ಗೋಡೆ ಮೇಲಿನ ಬೋರ್ಡು. "ಆರ್‌ಸಿಸಿಬಿ ಹಾಕಿಲ್ವಾ ಸರ್?" ಅಂದ್ರು. ಹಾಕಿರ್ಲಿಲ್ಲ. ಶಾಕ್ ಹೊಡೆದ್ರೆ ಟ್ರಿಪ್ ಆಗೋ 30 ಮಿಲಿ ಆಂಪ್‌ದು, ಅದೇ ವಾರ ಹಾಕ್ಸಿದ್ವಿ. ಅವ್ರನ್ನ ಇನ್ನೂ ಕೆಲ್ಸಕ್ಕೆ ತಗೊಂಡೇ ಇರ್ಲಿಲ್ಲ!

ಬಿ.ಎಡ್ ಇಲ್ವಲ್ಲ ಅನ್ನೋ ತಕರಾರು ಬಂದೇ ಬರತ್ತೆ. ಅವ್ರನ್ನ ಸೈನ್ಸ್ ಟೀಚರ್ ಅಂತ ದಾಖಲೇಲಿ ತೋರ್ಸೋ ಕಳ್ಳಾಟ ಮಾತ್ರ ಮಾಡ್ಬೇಡಿ, ಮುಂದೆ ಸ್ಕೂಲಿಗೇ ತೊಂದ್ರೆ. ಸ್ಕಿಲ್ ವಿಷಯಕ್ಕೆ ನಿಮ್ಮ ಬೋರ್ಡ್ ಯಾವ ಅರ್ಹತೆ ಕೇಳತ್ತೆ ಅಂತ ಬರವಣಿಗೇಲಿ ನೋಡ್ಕೊಂಡು ಅದೇ ಹೆಸರಲ್ಲಿ ಆರ್ಡರ್ ಕೊಡಿ, ಪರೀಕ್ಷೆ ವಿಷಯ ಅಲ್ಲದ ಲ್ಯಾಬ್ ಆದ್ರೆ ಇನ್‌ಸ್ಟ್ರಕ್ಟರ್ ಅಂತ ಕೊಟ್ಟು ಜೊತೆಗೆ ಒಬ್ಬ ರೆಗ್ಯುಲರ್ ಟೀಚರ್‌ನ ಇನ್‌ಚಾರ್ಜ್ ಮಾಡಿ. ನಮ್ಮಲ್ಲಿ ಆ ಇನ್‌ಚಾರ್ಜ್ ನಾನೇ. ಆದ್ರೆ ಇನ್‌ಸ್ಟ್ರಕ್ಟರ್ ಅಂದ ತಕ್ಷಣ ಸಂಬಳ ಅರ್ಧ ಮಾಡೋ ಬುದ್ಧಿ ಮ್ಯಾನೇಜ್‌ಮೆಂಟ್‌ಗಳಿಗೆ ಎಲ್ಲಿಂದ ಬರತ್ತೋ ಗೊತ್ತಿಲ್ಲ. ಆ ಮೇಡಂನ ನಾವು ಕಳ್ಕೊಂಡಿದ್ದೇ ಹಾಗೆ, ಎರಡನೇ ವರ್ಷ ಇನ್‌ಕ್ರಿಮೆಂಟ್ ಕೇಳಿದ್ರು, ಬಿ.ಎಡ್ ಇಲ್ವಲ್ಲಮ್ಮ ಅಂದ್ರು, ಅವ್ರು ವಾಪಸ್ ಫ್ಯಾಕ್ಟರಿಗೆ ಹೋದ್ರು. ಆಫರ್ ಕೊಡುವಾಗ್ಲೇ ಪಿಎಫ್, ಇನ್‌ಕ್ರಿಮೆಂಟ್, ರಜೆ ಎಲ್ಲ ಕಾಗದದ ಮೇಲೆ ಹಾಕ್ಬಿಡಿ. ಟೀಚರ್‌ಗಳಿಗೆ ಗ್ರ್ಯಾಚುಟಿ ಇಲ್ಲ ಅಂತ ಇನ್ನೂ ಕೆಲವ್ರು ವಾದ ಮಾಡ್ತಾರೆ, ಪ್ರೈವೇಟ್ ಸ್ಕೂಲ್ ಟೀಚರ್‌ಗಳಿಗೂ ಇದೆ ಅಂತ 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಾಗಿದೆ.

ಕೈಗೆ ಆರ್ಡರ್ ಕೊಡೋಕೆ ಮುಂಚೆ ಪೊಲೀಸ್ ವೆರಿಫಿಕೇಶನ್ ಮಾಡ್ಸಿ, ನಮ್ಮ ರಾಜ್ಯದಲ್ಲಿ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲೇ ಅರ್ಜಿ ಹಾಕ್ಬಹುದು. ಎಷ್ಟೇ ಪರಿಚಯದೋರಾದ್ರೂ ಬಿಡ್ಬೇಡಿ. ಹಿಂದಿನ ಸ್ಕೂಲಿಗೋ ಫ್ಯಾಕ್ಟರಿಗೋ ನೀವೇ ಫೋನ್ ಮಾಡಿ, ಹೇಗಿದ್ರು ಅಂತ ಕೇಳಿದ್ರೆ ಎಲ್ರೂ ಒಳ್ಳೇರು ಅಂತಾರೆ, ವಾಪಸ್ ಬಂದ್ರೆ ತಗೋತೀರಾ ಅಂತ ಕೇಳಿ, ಆ ಕಡೆ ಎಷ್ಟು ಹೊತ್ತು ಸುಮ್ನಿರ್ತಾರೆ ಅನ್ನೋದ್ರಲ್ಲೇ ಉತ್ತರ ಇರತ್ತೆ. ಲ್ಯಾಬ್ ಸಾಮಾನ್ಯವಾಗಿ ಮೂಲೆ ರೂಮು, ಬಾಗ್ಲಿಗೆ ಗಾಜು ಇರ್ಲಿ, ಒಂದೇ ಮಗು ಜೊತೆ ಬಾಗ್ಲು ಹಾಕ್ಕೊಂಡು ಕೂರೋದು ಯಾರಿಗೂ ಇಲ್ಲ ಅನ್ನೋ ನಿಯಮ ಮೊದಲ ದಿನವೇ ಹೇಳ್ಬಿಡಿ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾನೂನು) ಬಗ್ಗೆ, ಗೊತ್ತಾದ್ರೆ ರಿಪೋರ್ಟ್ ಮಾಡ್ಲೇಬೇಕು ಅನ್ನೋದ್ರ ಬಗ್ಗೆ, ಫ್ಯಾಕ್ಟರಿಯಿಂದ ಬಂದೋರಿಗೆ ಗೊತ್ತಿರಲ್ಲ, ಕೂರ್ಸಿ ಹೇಳಿ.

ಸೇರಿದ ಮೊದಲ ವಾರ ಕ್ಲಾಸ್ ಕೊಡ್ಬೇಡಿ. ಸ್ಟಾಕ್ ರಿಜಿಸ್ಟರ್ ಕೊಟ್ಟು ಎಲ್ಲಾ ಡಬ್ಬಿ ತೆಗ್ಸಿ ಎಣಿಸೋಕೆ ಹೇಳಿ, ಮುರಿದಿದ್ದು, ಕಳ್ದಿದ್ದು ಎಲ್ಲ ಬರ್ದು ಇಬ್ರೂ ಸೈನ್ ಹಾಕಿ. ಇಲ್ದಿದ್ರೆ ಮುಂದಿನ ಆಡಿಟ್‌ಗೆ ಹಳೇ ಟೀಚರ್ ಕಳ್ದ ಸರ್ವೋ ಮೋಟ್ರು ಹೊಸಬ್ರ ತಲೆಗೆ ಬರತ್ತೆ, ನಮ್ಮಲ್ಲಿ ಹಾಗಾಗಿ ದೊಡ್ಡ ಮನಸ್ತಾಪ ಆಗಿತ್ತು. ಆಮೇಲೆ ಎರಡು ವಾರ ಅಕ್ಕಪಕ್ಕದ ಕ್ಲಾಸಲ್ಲಿ ಕೂತು ನೋಡ್ಲಿ, ಫ್ಯಾಕ್ಟರೀಲಿ 20 ಜನ ಹೇಳಿದ್ ತಕ್ಷಣ ಕೇಳ್ತಾರೆ, ಎಂಟನೇ ಬಿ ಸೆಕ್ಷನ್ ಕೇಳಲ್ಲ. ಮಕ್ಕಳನ್ನ ಸುಮ್ನಿರ್ಸೋದು ಕಲಿಸಬಹುದು, ಬಿ.ಎಡ್ ಬೇಕಾದ್ರೆ ಮುಂದೆ ಮಾಡ್ಸಬಹುದು, ಈಗಿರೋ ನಮ್ಮ ಸರ್‌ಗೂ ಅದನ್ನೇ ಹೇಳಿದೀವಿ, ಫೀಸು ಅರ್ಧ ಸ್ಕೂಲೇ ಕಟ್ಟತ್ತೆ ಅಂತ ಈ ಸಲ ಆರ್ಡರಲ್ಲೇ ಬರ್ಸಿದೀನಿ.

ಕೊನೇದಾಗಿ ಎರಡನೇ ಸ್ಥಾನದಲ್ಲಿದ್ದೋರ ನಂಬರ್ ಅಳಿಸ್ಬೇಡಿ. ಜೂನ್‌ನಲ್ಲಿ ಸೇರಿದೋರು ಗೌರ್ಮೆಂಟ್ ಸೆಲೆಕ್ಷನ್ ಲಿಸ್ಟ್ ಬಂದ್ರೆ ಆಗಸ್ಟಲ್ಲಿ ಸ್ವೀಟ್ ಬಾಕ್ಸ್ ಹಿಡ್ಕೊಂಡು ಬಂದು ನಿಲ್ತಾರೆ, ಸ್ವೀಟ್ ತಿಂದು ಕಂಗ್ರಾಟ್ಸ್ ಹೇಳಿ ಫೋನ್ ಎತ್ಕೊಳ್ಳೋದೇ.